ಕಂಡಂತೆ ಬರೆದಿದ್ದೇನೆ

ಲಿನಕ್ಸಿನ ಐಎಸ್‌ಒ ಫೈಲನ್ನು (ಇಡೀ ವ್ಯವಸ್ಥೆ ಒಂದೇ ಕಟ್ಟಾಗಿ ಇರುವ ದೊಡ್ಡ ಫೈಲು) ಇಳಿಸಿಕೊಂಡವರು ಅದರ ಚೆಕ್‌ಸಮ್, ಅಂದರೆ ಫೈಲಿನ ಬೈಟುಗಳಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಮೊತ್ತ, ನೋಡುವ ಬಗೆಯನ್ನು ನಾನು ಬಹಳ ದಿನಗಳಿಂದ ಗಮನಿಸುತ್ತಿದ್ದೇನೆ. ನೋಡದೇ ಇರುವವರ ಮಾತು ಬಿಡಿ, ಅವರೇ ಹೆಚ್ಚು. ನೋಡುವವರು ಟರ್ಮಿನಲ್ ತೆರೆದು ಶಾ256ಸಮ್ ಎಂಬ ಆದೇಶವನ್ನು ಓಡಿಸುತ್ತಾರೆ. 64 ಅಕ್ಷರಗಳ ಒಂದು ಸಾಲು ಬರುತ್ತದೆ. ವೆಬ್ ಪುಟದಲ್ಲಿ ಕೊಟ್ಟ ಸಾಲನ್ನು ಪಕ್ಕಕ್ಕೆ ತಂದುಕೊಂಡು, ಮೊದಲ ನಾಲ್ಕು ಅಕ್ಷರ ನೋಡಿ, ಕೊನೆಯ ನಾಲ್ಕು ಅಕ್ಷರ ನೋಡಿ, ಸರಿಯಿದೆ ಎಂದು ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಹತ್ತಾರು ವರ್ಷ ಸರ್ವರ್ ನೋಡಿಕೊಂಡವರೂ ಹೀಗೆಯೇ ಮಾಡುವುದನ್ನು ಕಂಡಿದ್ದೇನೆ. ನಡುವಿನ 56 ಅಕ್ಷರಗಳು ಯಾರಿಗಾಗಿ ಬಂದವೋ ತಿಳಿಯದು.

ಇದರಲ್ಲಿ ತಪ್ಪೇನು ಎಂದರೆ, ಅರ್ಧ ತಪ್ಪೇನೂ ಇಲ್ಲ. ಡೌನ್‌ಲೋಡ್ ನಡುವೆ ಕಡಿದು ಫೈಲ್ ಕೆಟ್ಟಿದ್ದರೆ ಅದನ್ನು ಹಿಡಿಯಲು ಎಂಟು ಅಕ್ಷರ ಧಾರಾಳ ಸಾಕು. ಒಂದೇ ಒಂದು ಬಿಟ್ ಬದಲಾದರೂ ಸಾಲಿಗೆ ಸಾಲೇ ಬೇರೆಯಾಗುತ್ತದೆ. ಕೆಟ್ಟ ಫೈಲಿನಲ್ಲಿ ಆ ಎಂಟೂ ಅಕ್ಷರಗಳು ಆಕಸ್ಮಿಕವಾಗಿ ಹೊಂದಿಕೊಳ್ಳುವ ಸಂಭವ ಸುಮಾರು 430 ಕೋಟಿಯಲ್ಲಿ ಒಂದು. ಉಳಿದರ್ಧದ ಕತೆ ಬೇರೆ. ಫೈಲನ್ನು ಬೇಕೆಂದೇ ತಿದ್ದಿದವನಿಗೆ 430 ಕೋಟಿ ದೊಡ್ಡ ಸಂಖ್ಯೆಯಲ್ಲ. ಫೈಲಿನ ಕೊನೆಯಲ್ಲಿ ಯಾರೂ ಓದದ ಕೆಲವು ಬೈಟುಗಳನ್ನು ಸೇರಿಸಿ, ಅವನ್ನಷ್ಟೇ ಬದಲಿಸುತ್ತ ಹೋದರೆ ಪ್ರತಿ ಸಲ ಇಡೀ ಫೈಲನ್ನು ಲೆಕ್ಕ ಹಾಕಬೇಕಾಗಿಲ್ಲ, ಕೊನೆಯ ತುಣುಕೊಂದನ್ನು ಹಾಕಿದರೆ ಸಾಕು. ನಾವು ನೋಡುವ ಎಂಟು ಅಕ್ಷರಗಳನ್ನು ಮಾತ್ರ ಹೊಂದಿಸಿಕೊಡುವುದು ಸಾಧಾರಣ ಲ್ಯಾಪ್‌ಟಾಪಿಗೆ ಒಂದು ಮಧ್ಯಾಹ್ನದ ಕೆಲಸವೂ ಅಲ್ಲ. 64ನ್ನೂ ಹೊಂದಿಸುವುದು ಯಾರ ಕೈಯಲ್ಲೂ ಆಗದ ಕೆಲಸ.

ಕಣ್ಣಿನಿಂದ ಹೋಲಿಸಬೇಕಾದ ಅಗತ್ಯವೇ ಇಲ್ಲವೆಂಬುದು ಇನ್ನೂ ವಿಚಿತ್ರ. ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್ ಬಗೆಗಳು ಫೈಲಿನ ಜೊತೆಗೆ ಮೊತ್ತಗಳ ಪಟ್ಟಿಯನ್ನೂ ಒಂದು ಚಿಕ್ಕ ಫೈಲಾಗಿ ಕೊಡುತ್ತವೆ. ಅದನ್ನು ಅದೇ ಫೋಲ್ಡರಿನಲ್ಲಿಟ್ಟು ಶಾ256ಸಮ್ ಮುಂದೆ ಒಂದು ಹೈಫನ್, ಒಂದು ಸಿ, ಪಟ್ಟಿಯ ಹೆಸರು ಹಾಕಿದರೆ ಕಂಪ್ಯೂಟರೇ ಹೋಲಿಸಿ ‘ಓಕೆ’ ಅಥವಾ ‘ಫೇಲ್ಡ್’ ಎನ್ನುತ್ತದೆ. ಪಟ್ಟಿಯಲ್ಲಿರುವ ಉಳಿದ ಫೈಲುಗಳು ನಮ್ಮಲ್ಲಿಲ್ಲವೆಂದು ಅದು ಗೊಣಗಿದರೆ ‘ಇಗ್ನೋರ್-ಮಿಸ್ಸಿಂಗ್’ ಎಂಬ ಆಯ್ಕೆಯಿದೆ. ಮ್ಯಾಕಿನಲ್ಲಿ ‘ಶಾಸಮ್’ಗೆ ‘ಎ 256’ ಎಂಬ ಸೂಚನೆ ಕೊಟ್ಟರೆ ಅದೇ ಕೆಲಸ. ಇಷ್ಟಿದ್ದರೂ ನಾವು ಕಣ್ಣನ್ನೇ ನಂಬುತ್ತೇವೆ. ಯಂತ್ರದ ಮಾತನ್ನು ತಾವೇ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡರಷ್ಟೇ ಸಮಾಧಾನ ಎನ್ನುವ ಜನ ನಾವು, ನೋಡುವುದು ಮಾತ್ರ ಎಂಟೇ ಅಕ್ಷರ.

ಒಂದೇ ಪುಟದ ಸಾಕ್ಷಿ

2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ಯಾರೋ ನುಗ್ಗಿದರು. 17.3 ಆವೃತ್ತಿಯ ಸಿನಮನ್ ಐಎಸ್‌ಒಗೆ ಇದ್ದ ಕೊಂಡಿಯನ್ನು ಬದಲಿಸಿ, ಬಲ್ಗೇರಿಯಾದ ಸರ್ವರಿನಲ್ಲಿದ್ದ, ಒಳಗೆ ‘ಸುನಾಮಿ’ ಎಂಬ ಹಿಂಬಾಗಿಲನ್ನು ಸೇರಿಸಿದ್ದ ಐಎಸ್‌ಒ ಕಡೆಗೆ ತಿರುಗಿಸಿದರು. ಯೋಜನೆಯ ಮುಖ್ಯಸ್ಥ ಕ್ಲೆಮಾಂ ಲೆಫೆವ್ರ್ ಮರುದಿನವೇ ವಿಷಯವನ್ನು ಪ್ರಕಟಿಸಿ, ಎಂಡಿ5 ಎಂಬ ಹಳೆಯ ವಿಧಾನದ ಸರಿಯಾದ ಮೊತ್ತಗಳನ್ನು ಕೊಟ್ಟು ಪರೀಕ್ಷಿಸಿಕೊಳ್ಳಿ ಎಂದರು. ಕೊಂಡಿ ಬದಲಾದ ಹೊತ್ತಿನಲ್ಲಿ ಪುಟ ಕಳ್ಳನ ಕೈಯಲ್ಲಿತ್ತು ಎಂಬುದನ್ನು ನೆನಪಿಡಬೇಕು. ಕೊಂಡಿಯನ್ನು ತಿದ್ದಬಲ್ಲವನು ಅದರ ಕೆಳಗಿನ ಮೊತ್ತವನ್ನೂ ತಿದ್ದಬಲ್ಲ. ಆಗ ಫೈಲೂ ಮೊತ್ತವೂ ಒಂದಕ್ಕೊಂದು ಚೆನ್ನಾಗಿಯೇ ಹೊಂದುತ್ತವೆ, ಎರಡೂ ಅವನವೇ.

ಮರುವರ್ಷದ ಮೇ ತಿಂಗಳಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶಕ್ಕೆ ಆದದ್ದು ಸ್ವಲ್ಪ ಬೇರೆ. ಅಲ್ಲಿ ಕೆಟ್ಟದ್ದು ಡೌನ್‌ಲೋಡ್ ಹಂಚುವ ಒಂದು ಮಿರರ್ ಸರ್ವರ್ ಮಾತ್ರ. ಮುಖ್ಯ ತಾಣಕ್ಕೆ ಏನೂ ಆಗಿರಲಿಲ್ಲ. ಫೈಲು ಒಂದು ಕಡೆಯಿಂದ, ಮೊತ್ತ ಇನ್ನೊಂದು ಕಡೆಯಿಂದ ಬಂದಾಗ ಹೋಲಿಕೆಗೆ ಅರ್ಥ ಬರುತ್ತದೆ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಬಹುದು, ಅವರು ಒಂದೇ ಮನೆಯಿಂದ ಬಂದವರಲ್ಲದಿದ್ದರೆ. ಈ ಕಾರಣಕ್ಕೇ ಪಟ್ಟಿಯ ಜೊತೆಗೆ ಜಿಪಿಜಿ ಎಂಬ ತಂತ್ರಾಂಶದಿಂದ ಮಾಡಿದ ಡಿಜಿಟಲ್ ಸಹಿಯ ಫೈಲೊಂದನ್ನು ಇಟ್ಟಿರುತ್ತಾರೆ. ಸಹಿ ಮಾಡುವ ಕೀಲಿ ಜಾಲತಾಣದಲ್ಲಿ ಇರುವುದಿಲ್ಲ, ಹಾಗಾಗಿ ತಾಣಕ್ಕೆ ನುಗ್ಗಿದವನಿಗೆ ಅದು ಸಿಗುವುದಿಲ್ಲ. ಸಹಿ ಪರಿಶೀಲಿಸುವವರ ಸಂಖ್ಯೆಯ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ವಕೀಲರ ಕಾಲಮ್

ಚೆಕ್‌ಸಮ್ ಎಂದರೆ ನಮ್ಮಂಥವರ ಮನೆವಾರ್ತೆ ಎಂದುಕೊಂಡಿದ್ದವನಿಗೆ ಪುತ್ತೂರಿನಲ್ಲಿ ವಕೀಲಿಕೆ ಮಾಡುವ ನನ್ನ ಹೈಸ್ಕೂಲಿನ ಗೆಳೆಯನ ಫೋನು ಬಂದದ್ದು ಹೊಸ ಸಾಕ್ಷ್ಯ ಕಾನೂನು ಜಾರಿಗೆ ಬಂದ ಮೇಲೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಾದದ್ದು 2024ರ ಜುಲೈ 1ರಂದು. ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾಗಿದ್ದ, ಹಳೆಯ ಕಾಯಿದೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ ಈಗ 63ನೆಯ ಕಲಮಿನ ಪ್ರಮಾಣಪತ್ರ ಬಂದಿದೆ. ಅದರ ನಮೂನೆಯನ್ನು ಅನುಸೂಚಿಯಲ್ಲೇ ಅಚ್ಚು ಹಾಕಿದ್ದಾರೆ. ಆ ನಮೂನೆಯಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ಇದೇ ಚೆಕ್‌ಸಮ್ಮನ್ನು, ಬರೆಯಬೇಕು, ಅದನ್ನು ಯಾವ ವಿಧಾನದಿಂದ ಪಡೆದದ್ದು ಎಂದು ಗುರುತು ಹಾಕಬೇಕು.

“ಇದೆಂಥದು ಮಾರಾಯ, ಈ ಹ್ಯಾಶ್?” ಎಂದ. ಕಕ್ಷಿದಾರರ ಅಡಿಕೆ ತೋಟದ ಬದಿಯ ತೋಡನ್ನು ಪಕ್ಕದವರು ಮಣ್ಣು ಹಾಕಿ ಮುಚ್ಚಿದ್ದಾರಂತೆ. ಮಳೆಗಾಲದಲ್ಲಿ ನೀರು ತೋಟಕ್ಕೆ ನುಗ್ಗಿದ್ದನ್ನು ಕಕ್ಷಿದಾರರ ಮಗ ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾನೆ. ಆ ವಿಡಿಯೊವನ್ನು ಹಾಜರುಪಡಿಸಬೇಕು. ಕಚೇರಿಯ ಕಂಪ್ಯೂಟರು ವಿಂಡೋಸ್. ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ, ಕಮಾಂಡ್ ಪ್ರಾಂಪ್ಟ್ ತೆರೆ, ಸರ್ಟ್‌ಯುಟಿಲ್ ಎಂದು ಬರೆದು ಹೈಫನ್ ಹ್ಯಾಶ್‌ಫೈಲ್, ಆಮೇಲೆ ಫೈಲಿನ ಹೆಸರು, ಆಮೇಲೆ ಶಾ256 ಎಂದು ಹಾಕು ಎಂದೆ. ಅವನು ಬಂದದ್ದನ್ನು ಒಂದೊಂದಾಗಿ ಓದಿ ಹೇಳತೊಡಗಿದ. ‘ಬಿ ಎಂದರೆ ಬೆಂಗಳೂರಿನ ಬಿ, ಡಿ ಎಂದರೆ ದೆಹಲಿಯ ಡಿ.’ ಓದು ಬೇಗ ಮುಗಿಯಿತು. ಎಣಿಸಿದರೆ 40 ಅಕ್ಷರ. ಕೊನೆಯ ಪದವನ್ನು ಹಾಕದಿದ್ದರೆ ಸರ್ಟ್‌ಯುಟಿಲ್ ಏನೂ ಕೇಳದೆ ಶಾ1 ಲೆಕ್ಕವನ್ನೇ ಕೊಡುತ್ತದೆ. ಸಾಲಿನ ಉದ್ದ ನೋಡಿಯೇ ಜಾತಿ ಗುರುತಿಸಬಹುದು: ಎಂಡಿ5 ಆದರೆ 32, ಶಾ1 ಆದರೆ 40, ಶಾ256 ಆದರೆ 64.

ಮತ್ತೊಮ್ಮೆ ಮಾಡಿಸಿದ ಮೇಲೆ ಕೇಳಿದೆ, “ವಿಡಿಯೊ ನಿನ್ನ ಕಂಪ್ಯೂಟರಿಗೆ ಹೇಗೆ ಬಂತು?” “ಹೇಗೆ ಬರುವುದು? ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದಾನೆ.” ಅಲ್ಲಿಗೆ ಅಷ್ಟು ಹೊತ್ತಿನ ಬೆಂಗಳೂರು, ದೆಹಲಿ ಎಲ್ಲ ನೀರಿಗೆ. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ. ನೋಡುವವರ ಕಣ್ಣಿಗೆ ಅದೇ ತೋಟ, ಅದೇ ನೀರು, ಹಿನ್ನೆಲೆಯಲ್ಲಿ ಅದೇ ಅಜ್ಜಿಯ ಬೈಗುಳ. ಫೈಲು ಮಾತ್ರ ಬೇರೆ. ನಾಳೆ ಎದುರು ಪಕ್ಷದವರು ಹುಡುಗನ ಮೊಬೈಲಿನಲ್ಲಿರುವ ಮೂಲ ಫೈಲಿನ ಹ್ಯಾಶ್ ತೆಗೆಸಿದರೆ ಎರಡೂ ಹೊಂದುವುದಿಲ್ಲ. ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿದ್ದರೆ ಬೈಟುಗಳು ಹಾಗೆಯೇ ಬರುತ್ತಿದ್ದವು. ಕೇಬಲ್ ಹಾಕಿ ಮೊಬೈಲಿನಿಂದಲೇ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಹುಡುಗನನ್ನು ಮೊಬೈಲಿನೊಂದಿಗೆ ಕರೆಸಲಾಯಿತು.

ಆಮೇಲೆ ಗೆಳೆಯ ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. “ಹಾಗಾದರೆ ಈ ನಂಬರು ಇದ್ದರೆ ವಿಡಿಯೊ ಸಾಚಾ ಎಂದು ಆಯಿತಲ್ಲ?” ಆಗಲಿಲ್ಲ. ಹುಡುಗ ಬೇರೆ ಯಾವುದೋ ತೋಟದ ಕೆರೆಯನ್ನು ಚಿತ್ರೀಕರಿಸಿದ್ದರೂ ಹ್ಯಾಶ್ ಅಷ್ಟೇ ಚೆಂದವಾಗಿ ಬರುತ್ತಿತ್ತು. ಪ್ರಮಾಣಪತ್ರಕ್ಕೆ ಸಹಿ ಬಿದ್ದ ದಿನದಿಂದ ಇದು ಬದಲಾಗಿಲ್ಲ, ಅದು ಹೇಳುವುದು ಇಷ್ಟೇ. ಅದಕ್ಕಿಂತ ಹಿಂದಿನದನ್ನು ಹುಡುಗನೇ ಕಟಕಟೆಯಲ್ಲಿ ನಿಂತು ಹೇಳಬೇಕು.

ಆ ನಮೂನೆಯ ಬಗ್ಗೆ ನನಗೊಂದು ತಕರಾರಿದೆ. ಅದರಲ್ಲಿ ಶಾ1, ಶಾ256, ಎಂಡಿ5, ಇತರೆ ಎಂದು ಪೆಟ್ಟಿಗೆಗಳಿವೆ. ಎಂಡಿ5 ಅನ್ನು ರೊನಾಲ್ಡ್ ರಿವೆಸ್ಟ್ ರೂಪಿಸಿದ್ದು 1991ರಲ್ಲಿ. 2004ರಲ್ಲೇ ಚೀನಾದ ಗಣಿತಜ್ಞೆ ವಾಂಗ್ ಶಿಯಾವೋಯುನ್ ಮತ್ತು ಸಂಗಡಿಗರು ಒಂದೇ ಎಂಡಿ5 ಬರುವ ಎರಡು ಬೇರೆ ಬೇರೆ ದತ್ತಾಂಶಗಳನ್ನು ತೋರಿಸಿಬಿಟ್ಟರು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸೇರಿ ಒಂದೇ ಶಾ1 ಇರುವ ಎರಡು ಪಿಡಿಎಫ್‌ಗಳನ್ನು ಪ್ರಕಟಿಸಿದವು. ಹಾಗೆಂದು ಎಂಡಿ5 ಪೂರ್ತಿ ಕೆಲಸಕ್ಕೆ ಬಾರದ್ದಲ್ಲ. ನಾನು ಮಾಡಿಟ್ಟ ಫೈಲಿಗೆ ಹೊಂದುವ ಇನ್ನೊಂದು ಫೈಲನ್ನು ನೀವು ಹೊರಗಿನಿಂದ ಸೃಷ್ಟಿಸುವುದು ಇಂದಿಗೂ ಯಾರಿಗೂ ಆಗಿಲ್ಲ. ಆಗುವುದೇನೆಂದರೆ, ಒಬ್ಬನೇ ಕುಳಿತು ಮೊದಲೇ ಎರಡು ಫೈಲುಗಳನ್ನು ಜೋಡಿಯಾಗಿ ತಯಾರಿಸಿ, ಒಂದನ್ನು ತೋರಿಸಿ ಇನ್ನೊಂದನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು. ತಂತ್ರಾಂಶ ಇಳಿಸಿಕೊಳ್ಳುವಾಗ ಫೈಲನ್ನು ಮಾಡಿದವರನ್ನು ನಾವು ಹೇಗೂ ನಂಬಿರುತ್ತೇವೆ, ಆದ್ದರಿಂದ ಈ ಬಿರುಕು ಅಷ್ಟಾಗಿ ತಟ್ಟುವುದಿಲ್ಲ. ನ್ಯಾಯಾಲಯದಲ್ಲಿ ಫೈಲನ್ನು ತರುವವನೇ ಫಲಿತಾಂಶದಲ್ಲಿ ಆಸಕ್ತಿ ಇರುವವನು. ಹಳೆಯ ವಿಧಾನಗಳ ಬಿರುಕು ಎಲ್ಲಿ ಹೆಚ್ಚು ಅಪಾಯವೋ ಅಲ್ಲಿಗೇ ಅವಕ್ಕೆ ಪೆಟ್ಟಿಗೆ ಕೊಟ್ಟಿದ್ದಾರೆ. ಗೆಳೆಯನಿಗೆ ಶಾ256ಕ್ಕೆ ಗುರುತು ಹಾಕು ಎಂದೆ.

ಲಿಪಿಕಾರನ ಶ್ಲೋಕ

ಹಳೆಯ ಓಲೆಗರಿ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಒಂದು ಶ್ಲೋಕ ಬರೆದು ಕೈತೊಳೆದುಕೊಳ್ಳುವುದನ್ನು ಹಸ್ತಪ್ರತಿ ನೋಡಿದವರೆಲ್ಲ ಬಲ್ಲರು. ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’: ಪುಸ್ತಕ ಹೇಗಿತ್ತೋ ಹಾಗೆಯೇ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ, ದೋಷ ನನ್ನದಲ್ಲ. ಚೆಕ್‌ಸಮ್ಮಿನ ಬಗ್ಗೆ ಇದಕ್ಕಿಂತ ನಿಖರವಾದ ವಿವರಣೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ವ್ಯತ್ಯಾಸವೆಂದರೆ ಲಿಪಿಕಾರನ ಮಾತನ್ನು ನಂಬಬೇಕಿತ್ತು, ಇದನ್ನು ಪರೀಕ್ಷಿಸಬಹುದು.

ಪರೀಕ್ಷೆಗೆ ಅಂದೂ ಒಂದು ದಾರಿ ಇತ್ತು, ಛಂದಸ್ಸು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರಕ್ಕೆ 23, ಒಟ್ಟು 102. ಅಕ್ಷರವೊಂದು ಜಾರಿದರೆ ಲೆಕ್ಕ ತಪ್ಪುತ್ತದೆ, ಸಂಪಾದಕರು ಅಲ್ಲಿ ಬೆರಳಿಡುತ್ತಾರೆ. ಆದರೆ ಒಂದು ಪದ ತೆಗೆದು ಅದೇ ಮಾತ್ರೆಯ, ಪ್ರಾಸ ಕೆಡಿಸದ ಇನ್ನೊಂದು ಪದ ಕೂರಿಸಿದರೆ ಛಂದಸ್ಸು ತುಟಿಪಿಟಕ್ಕೆನ್ನುವುದಿಲ್ಲ. ಲಿನಕ್ಸಿನಲ್ಲಿ ಹಿಂದಿನಿಂದ ಬಂದ ‘ಸಿಕೆಸಮ್’ ಎಂಬ ಆದೇಶ ಕೊಡುವ ಸಿಆರ್‌ಸಿ ಲೆಕ್ಕವೂ ಇದೇ ಕುಲದ್ದು. ಕೈತಪ್ಪನ್ನು ಹಿಡಿಯುತ್ತದೆ, ಕೈಚಳಕದವನು ನಾಲ್ಕು ಬೈಟು ಅತ್ತಿತ್ತ ಮಾಡಿ ಬೇಕಾದ ಮೊತ್ತ ಬರಿಸಿಕೊಳ್ಳುತ್ತಾನೆ.

ಮೂಲವೇ ಅಶುದ್ಧವಾಗಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚಿನಲ್ಲಿ ಎಲ್ಲರೂ ನೋಡಿದರು. ಎಕ್ಸ್‌ಝಡ್ ಎಂಬ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇರುವ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. ಅದನ್ನು ಇಟ್ಟದ್ದು ಹೊರಗಿನ ಕಳ್ಳನಲ್ಲ. ಜಿಯಾ ಟಾನ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ನಿರ್ವಾಹಕನಾಗಿದ್ದ ವ್ಯಕ್ತಿಯೇ. ಬಿಡುಗಡೆಯ ಕಟ್ಟಿನಲ್ಲಿ ಎಲ್ಲರೂ ನೋಡಬಹುದಾದ ಮೂಲಸಂಕೇತದ ಗಿಟ್ ಸಂಗ್ರಹದಲ್ಲಿಲ್ಲದ ಒಂದು ಚೂರು ಸೇರಿತ್ತು. ಮೊತ್ತ ಸರಿ, ಸಹಿ ಸರಿ, ಎಲ್ಲವೂ ‘ಓಕೆ’. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಅದೂ ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂಬ ಕಿರಿಕಿರಿಯಿಂದ. ಇಷ್ಟು ಸೂಕ್ಷ್ಮವಾಗಿ ಸಿಡುಕುವ ಮನುಷ್ಯರು ಲೋಕಕ್ಕೆ ಬೇಕು.

ಕಣ್ಣಿಗೆ ಒಂದು, ಬೈಟಿಗೆ ಎರಡು

ಸಣ್ಣದೊಂದು ಸಾಹಿತ್ಯ ಪತ್ರಿಕೆ ನಡೆಸುವ ಹಿರಿಯರೊಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ಬರಹ ಬರೀ ಊರವರ ಕತೆಯಾಗುತ್ತದೆ. ಅವರ ಹಳೆಯ ಸಂಚಿಕೆಗಳೆಲ್ಲ ಯೂನಿಕೋಡಿಗೆ ಮುಂಚಿನ ಆಸ್ಕಿ ಫಾಂಟಿನ ಕಾಲದವು. ಯಾವುದೋ ಪರಿವರ್ತಕದಿಂದ ಯೂನಿಕೋಡಿಗೆ ತಂದಿದ್ದರು. ಕರಡು ತಿದ್ದಲು ಕೊಟ್ಟಿದ್ದ ಒಂದು ಫೈಲು ‘ತಿದ್ದುವಂಥದ್ದು ಏನೂ ಇಲ್ಲ’ ಎಂಬ ಒಕ್ಕಣೆಯೊಂದಿಗೆ ಹಿಂದೆ ಬಂದಿತ್ತು. ಯಾವ ಪ್ರತಿಯನ್ನು ಉಳಿಸಿಕೊಳ್ಳಬೇಕೆಂಬ ಗೊಂದಲಕ್ಕೆ ನಾನು ಎರಡಕ್ಕೂ ಶಾ256ಸಮ್ ಹಾಕಿದೆ. ಬೇರೆ ಬೇರೆ.

“ಅವರು ಏನೂ ಮುಟ್ಟಿಲ್ಲ ಅಂದಿದ್ದಾರಲ್ಲ,” ಎಂದರು ಸಂಪಾದಕರು. “ಮುಟ್ಟಿದ್ದಾರೆ ಸರ್, ಅವರಿಗೂ ಗೊತ್ತಿಲ್ಲದೆ,” ಎಂದೆ. ಎರಡನ್ನೂ ‘ಡಿಫ್’ ಆದೇಶಕ್ಕೆ ಕೊಟ್ಟರೆ ಅದು ಸಾಲುಸಾಲಾಗಿ ವ್ಯತ್ಯಾಸ ತೋರಿಸಿತು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಮ್ಮಿಬ್ಬರ ಕಣ್ಣಿಗೆ ಒಂದು ಕೊಂಬೂ ಹೆಚ್ಚುಕಡಿಮೆಯಿಲ್ಲ. ಸಂಪಾದಕರು ಕನ್ನಡಕ ಒರೆಸಿಕೊಂಡು ಬಂದು ಮತ್ತೆ ನೋಡಿದರು. ಬೈಟುಗಳನ್ನೇ ಬಿಡಿಸಿ ನೋಡಿದಾಗ ಗುಟ್ಟು ತಿಳಿಯಿತು. ‘ಕೇ’ ಎಂಬುದನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಕಕಾರದ ಮುಂದೆ ಏಕಾರದ ಒಂದೇ ಚಿಹ್ನೆ, ಇಲ್ಲವೇ ಎಕಾರದ ಚಿಹ್ನೆ ಹಾಕಿ ಆಮೇಲೆ ದೀರ್ಘದ ಚಿಹ್ನೆ. ಮೊದಲನೆಯದಕ್ಕೆ ಆರು ಬೈಟು, ಎರಡನೆಯದಕ್ಕೆ ಒಂಬತ್ತು. ‘ಕೋ’ ಬಿಡಿಸಿ ಬರೆದರಂತೂ ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಎಂದು ಹನ್ನೆರಡಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಆಸ್ಕಿ ಫಾಂಟುಗಳಲ್ಲಿ ದೀರ್ಘ ಒಂದು ಬಿಡಿ ತುಂಡಾಗಿತ್ತಲ್ಲ, ಪರಿವರ್ತಕ ಅದನ್ನು ಹಾಗೆಯೇ ಬಿಡಿಯಾಗಿ ತಂದು ಹಾಕಿತ್ತು. ಕರಡು ತಿದ್ದಿದವರ ತಂತ್ರಾಂಶ ಉಳಿಸುವಾಗ ತನ್ನಷ್ಟಕ್ಕೆ ಎಲ್ಲವನ್ನೂ ಕೂಡಿಸಿಬಿಟ್ಟಿತ್ತು.

ಸಂಪಾದಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೇ ಏನು, ಹಳೆಯ ಸಂಚಿಕೆಗಳಲ್ಲಿ ಕೆಲವು ಲೇಖಕರ ಹೆಸರು ಹುಡುಕಿದರೆ ಸಿಗುವುದೇ ಇಲ್ಲ?” ಎಂದು ಕೇಳಿದರು. ಅದಕ್ಕೇ. ಹುಡುಕುವ ಡಬ್ಬಿಯಲ್ಲಿ ಅವರು ಕೀಲಿಮಣೆಯಿಂದ ಕೂಡಿಸಿದ ‘ಕೇ’ ಬರೆಯುತ್ತಿದ್ದರು, ಫೈಲಿನಲ್ಲಿ ಬಿಡಿಸಿದ ‘ಕೇ’ ಇತ್ತು. ಹೆಸರಿನಲ್ಲಿ ದೀರ್ಘವಿದ್ದ ಲೇಖಕರೆಲ್ಲ ಸ್ವಂತ ಪತ್ರಿಕೆಯಲ್ಲೇ ಕಾಣೆಯಾಗಿದ್ದರು. ಎಲ್ಲ ಫೈಲುಗಳನ್ನೂ ಯೂನಿಕೋಡಿನ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದು, ಆಮೇಲೆ ಮೊತ್ತ ತೆಗೆದು ಪಟ್ಟಿ ಮಾಡಿದೆವು. ಕಣ್ಣಿಗೆ ಕಾಣದ ಜೋಡಕದ ಚಿಹ್ನೆಗಳು ಅಲ್ಲಲ್ಲಿ ಪದದ ಬಾಲದಲ್ಲಿ ಉಳಿದಿದ್ದವು. ಅವನ್ನು ಹೆಕ್ಕಲು ಸಂಜೆಯಾಯಿತು. ವಿಂಡೋಸಿನ ಸಾಲು-ಕೊನೆ, ಲಿನಕ್ಸಿನ ಸಾಲು-ಕೊನೆ ಎಂಬ ಹಳೆಯ ಜಗಳ ಇದರ ಮುಂದೆ ಏನೂ ಅಲ್ಲ.

ತಾಳಮದ್ದಳೆಯ ಡಿಸ್ಕು

ನಮ್ಮ ಮನೆಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳಿಂದ ಇಳಿಸಿದ ಧ್ವನಿಫೈಲುಗಳಿವೆ. ಅವುಗಳ ಪ್ರತಿ ತೆಗೆಯುವಾಗ ಕಲಿತ ಒಂದೆರಡು ಮಾತು. ಪೆನ್‌ಡ್ರೈವಿಗೆ ಬರೆದ ಕೂಡಲೇ ಚೆಕ್‌ಸಮ್ ಓಡಿಸಿದರೆ ಅದು ಎಷ್ಟೋ ಸಲ ಓದುವುದು ಡ್ರೈವಿನಿಂದಲ್ಲ, ಮೆಮೊರಿಯಲ್ಲಿ ಇನ್ನೂ ಉಳಿದಿರುವ ಪ್ರತಿಯಿಂದ. ‘ಓಕೆ’ ಬರುತ್ತದೆ, ಡ್ರೈವಿನಲ್ಲಿ ಏನಿದೆಯೆಂದು ಮಾತ್ರ ಯಾರೂ ನೋಡಿರುವುದಿಲ್ಲ. ಸರಿಯಾಗಿ ಇಜೆಕ್ಟ್ ಮಾಡಿ, ಕಿತ್ತು, ಮತ್ತೆ ಸಿಕ್ಕಿಸಿ ಓಡಿಸಬೇಕು. ಅಗ್ಗದ ಬೆಲೆಗೆ ಸಿಗುವ, ಒಂದು ಟೆರಾಬೈಟ್ ಎಂದು ಸುಳ್ಳು ಹೇಳುವ ಡ್ರೈವುಗಳು ಸಿಕ್ಕಿಬೀಳುವುದೂ ಆಗಲೇ. ಫೈಲುಗಳ ಹೆಸರು, ಗಾತ್ರ ಎಲ್ಲ ಸರಿಯಾಗಿಯೇ ಕಾಣುತ್ತವೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಪ್ರತಿ ತೆಗೆಯಲು ಬಳಸುವ ಆರ್‌ಸಿಂಕ್ ಎಂಬ ಆದೇಶ ಕೂಡ ಸಾಮಾನ್ಯವಾಗಿ ನೋಡುವುದು ಗಾತ್ರ ಮತ್ತು ದಿನಾಂಕವನ್ನಷ್ಟೇ. ಬೈಟುಗಳನ್ನೇ ಹೋಲಿಸಬೇಕೆಂದರೆ ಅದಕ್ಕೂ ಸಿ ಎಂಬ ಸೂಚನೆ ಬೇರೆಯಾಗಿ ಕೊಡಬೇಕು.

ಧ್ವನಿಫೈಲುಗಳಿಗೆ ಇನ್ನೊಂದು ಕಾಟವಿದೆ. ಪ್ರಸಂಗದ ಹೆಸರು, ಭಾಗವತರ ಹೆಸರು ಸೇರಿಸಿದ ಕೂಡಲೇ ಫೈಲಿನ ಮೊತ್ತ ಬದಲಾಗುತ್ತದೆ, ಧ್ವನಿ ಒಂದಿಷ್ಟೂ ಬದಲಾಗದಿದ್ದರೂ. ಫ್ಲ್ಯಾಕ್ ಎಂಬ ರೂಪವನ್ನು ನಾನು ಆರಿಸಿಕೊಂಡದ್ದು ಇದಕ್ಕೇ. ಅದು ಧ್ವನಿಯದಷ್ಟೇ ಎಂಡಿ5 ಮೊತ್ತವನ್ನು ಫೈಲಿನ ತಲೆಯಲ್ಲಿ ಇಟ್ಟುಕೊಳ್ಳುತ್ತದೆ. ಹೆಸರುಪಟ್ಟಿ ಎಷ್ಟು ಸಲ ತಿದ್ದಿದರೂ ಅದು ಅಲುಗುವುದಿಲ್ಲ. ತುಕ್ಕು ಹಿಡಿಯುವ ಡಿಸ್ಕಿಗೆ ಯಾರನ್ನೂ ಮೋಸ ಮಾಡುವ ಉದ್ದೇಶವಿಲ್ಲ, ಹಾಗಾಗಿ ಇಲ್ಲಿ ಎಂಡಿ5 ಸಾಕು.

ಕಳೆದ ಸಲ ಪಟ್ಟಿ ಓಡಿಸಿದಾಗ ಎರಡು ಪ್ರಸಂಗಗಳಿಗೆ ‘ಫೇಲ್ಡ್’ ಬಂತು. ಫ್ಲ್ಯಾಕಿನ ಒಳಗಿನ ಧ್ವನಿಯ ಮೊತ್ತವೂ ಬೇರೆ. ಡಿಸ್ಕು ಹೋಯಿತೆಂದೇ ಅಂದುಕೊಂಡೆ. ವಿಚಾರಿಸಿದರೆ ಚಿಕ್ಕಪ್ಪನ ಮಗ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನು ತೆಗೆದು ಅದೇ ಹೆಸರಿನಲ್ಲಿ ಉಳಿಸಿದ್ದ. “ಈಗ ಎಷ್ಟು ಚೆನ್ನಾಗಿ ಕೇಳುತ್ತದೆ ನೋಡು ಅಣ್ಣಾ,” ಎಂದ. ಚೆನ್ನಾಗಿಯೇ ಕೇಳುತ್ತಿತ್ತು. ಸದ್ದಿನ ಜೊತೆಗೆ ಚೆಂಡೆಯ ಕೊನೆಯ ನಾದವೂ ಸ್ವಲ್ಪ ಹೋಗಿದೆಯೆಂದು ನನಗನಿಸಿತು, ಅವನು ಒಪ್ಪಲಿಲ್ಲ. ಇನ್ನೊಂದು ಡಿಸ್ಕಿನಿಂದ ಹಳೆಯದನ್ನು ತಂದು ಪಟ್ಟಿಗೆ ಹೊಂದಿಸಿದೆ. ಅವನದಕ್ಕೆ ಬೇರೆ ಹೆಸರು, ಪಟ್ಟಿಯಲ್ಲಿ ಬೇರೆ ಸಾಲು ಕೊಟ್ಟಿದ್ದೇನೆ. ನೆಂಟರು ಬಂದಾಗ ಅವನು ತನ್ನದನ್ನೇ ಹಾಕುತ್ತಾನೆ.